ಪಾದವಿರುವ ಅಕ್ಷರ

ಮಗಳೇ,

ನಾನು ಈ ಅಚ್ಚುಕೂಟದ ಯಜಮಾನಿ. ಇಲ್ಲಿ ನನಗೆ ಎದುರಾಡಿದವಳು ನೀನೊಬ್ಬಳೇ. ದಪ್ಪ-ತೆಳು ಗೆರೆಗಳ, ತುದಿಗೆ ಪುಟ್ಟ ಪಾದಗಳಿರುವ ನಮ್ಮ ಹಳೆಯ ಅಕ್ಷರ ಪುಸ್ತಕಕ್ಕಷ್ಟೇ ಲಾಯಕ್ಕು, ಉಳಿದದ್ದಕ್ಕೆ ಪಾದವಿಲ್ಲದ ಬೋಳು ಅಕ್ಷರ ತರಿಸೋಣ ಅಂದಿದ್ದಕ್ಕೆ ನಿನ್ನನ್ನು ಹೊಸ್ತಿಲಾಚೆ ಕಳಿಸಿದೆ.

ಇವತ್ತು ನಿನ್ನ ಗಂಡ ಮರಣಪತ್ರಿಕೆ ಅಚ್ಚುಹಾಕಿಸಲು ಬಂದ. ಚೀಟಿಯಲ್ಲಿ ನಿನ್ನ ಹೆಸರು ಓದಿಯೂ, ಯಾರದೆಂದು ಕೇಳಿದೆ.

"ಅತ್ತೆ, ಕಾಯಿಲೆ ವಿಷಯ ನಿಮಗೆ ಹೇಳ್ಬೇಡ ಅಂದಿದ್ಲು. ಆದ್ರೆ ಇದು ಪಾದದ ಅಕ್ಷರದಲ್ಲೇ ಇರ್ಲಿ, ಇಲ್ಲದಿದ್ರೆ ಅಮ್ಮ ಸ್ಮಶಾನಕ್ಕೇ ಬಂದು ಬೈತಾಳೆ ಅಂತ ನಗ್ತಿದ್ಲು."

ಕೆಲಸದವರನ್ನು ಹೊರಗೆ ಕಳಿಸಿ, ಸೀಸದ ಅಕ್ಷರದ ಮೊಳೆಗಳನ್ನು ನಾನೇ ಜೋಡಿಸಿದೆ.

ಅಚ್ಚಾದ ಕೂಡಲೇ ಮೊಳೆಗಳನ್ನು ಬಿಚ್ಚಿ ಖಾನೆಗಳಿಗೆ ಹಾಕಬೇಕೆಂಬುದು ನಾನೇ ಮಾಡಿದ ನಿಯಮ. ನಿನ್ನ ಹೆಸರನ್ನು ಬಿಚ್ಚಲಿಲ್ಲ. ದಾರ ಸುತ್ತಿ ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.