ಅಜ್ಜಿ ಬಂದದ್ದನ್ನು ಹೇಳಿದ ಖಾಲಾಗೆ

ಪ್ರೀತಿಯ ಜುಬೇದಾ ಖಾಲಾ,

ರಾಜಾನುಕುಂಟೆ ಆಚೆಯ ಆ ಮಕ್ಕಳ ಹೋಮ್‌ಗೆ ಬಂದ ದಿನ ನಾನು ಊಟ ಮುಟ್ಟದೆ ಅಳುತ್ತಾ ಕೂತಿದ್ದೆ. ಅಲ್ಲಿ ಅಡುಗೆ ಮಾಡುತ್ತಿದ್ದವರು ನೀವು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, “ಉಪ್ಪು ಜಾಸ್ತಿ ಆಗಿದ್ಯಾ ನೋಡು ಬೇಟಾ, ನಂಗೆ ಗೊತ್ತಾಗ್ತಿಲ್ಲ” ಅಂದಿರಿ. ರುಚಿ ನೋಡುತ್ತಾ ನೋಡುತ್ತಾ ತಟ್ಟೆ ಖಾಲಿ ಮಾಡಿದೆ. ಎಂಟು ವರ್ಷದವಳಿಗೆ ನಿಮ್ಮ ಉಪಾಯ ಹೇಗೆ ತಿಳಿಯಬೇಕು?

ಅಮ್ಮ ತೀರಿಹೋಗಿದ್ದಳು, ಅಜ್ಜಿಯ ಕಾಲು ಮುರಿದಿತ್ತು. ವಾಸಿಯಾದ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದವಳು ಎರಡು ವರ್ಷವಾದರೂ ಬರಲಿಲ್ಲ. ಮರೆತೇಬಿಟ್ಟಳು ಅಂದುಕೊಂಡಿದ್ದೆ.

ಮಕ್ಕಳ ಕಲ್ಯಾಣ ಸಮಿತಿಯವರು ತಪಾಸಣೆಗೆ ಬಂದ ದಿನ ನೀವು ಸೌಟು ಹಿಡಿದುಕೊಂಡೇ ಅವರ ಮುಂದೆ ನಿಂತಿರಿ. “ಮೇಡಂ, ಈ ಹುಡುಗಿಗೆ ಅಜ್ಜಿ ಇದಾರೆ. ಮಾಕಳಿಯಿಂದ ಬರ್ತಾರೆ, ಮಗು ಟ್ರಿಪ್‌ಗೆ ಹೋಗಿದೆ ಅಂತ ಇವ್ರು ಗೇಟಲ್ಲೇ ವಾಪಸ್ ಕಳಿಸ್ತಾರೆ. ಒಂದು ಮಗು ಕಮ್ಮಿ ಆದ್ರೆ ಹೋಮ್‌ಗೆ ಬರೋ ದುಡ್ಡು ಕಮ್ಮಿ ಆಗುತ್ತಲ್ಲ!”

“ನಿಮ್ ಕೆಲಸ ಅಡುಗೆ ಕಣ್ರೀ, ಅದನ್ನ ನೋಡ್ಕೊಳ್ಳಿ” ಎಂದು ಮ್ಯಾನೇಜರ್ ಗದರಿದರು. ನೀವು ಕದಲಲಿಲ್ಲ. ನನ್ನನ್ನು ಮುಂದೆ ನಿಲ್ಲಿಸಿ, “ನೀನೇ ಹೇಳಮ್ಮ” ಅಂದಿರಿ. ನನ್ನ ಬಾಯಿಗೆ ಬಂದದ್ದು ಒಂದೇ ಮಾತು: “ಅಜ್ಜಿ ಬಂದಿದ್ಲಾ?”

ಆ ತಿಂಗಳೇ ನಾನು ಮಾಕಳಿಗೆ ಹೋದೆ. ನಿಮ್ಮ ಕೆಲಸ ಹೋಯಿತು. ಆಮೇಲೆ ಅಜ್ಜಿಯೂ ನಾನೂ ಆರ್.ಟಿ. ನಗರದ ನಿಮ್ಮ ಮನೆಗೆ ಬಂದಾಗ ಸೇಮಿಗೆ ಪಾಯಸ ಬಡಿಸಿದಿರೇ ಹೊರತು ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಯಾಕೆ ಖಾಲಾ? ಮನೆ ಹೇಗೆ ನಡೆಸಿದಿರಿ ಎಂದು ಕೇಳಬೇಕಿತ್ತು. ಕೇಳುವಷ್ಟು ಬುದ್ಧಿ ಬರುವ ಹೊತ್ತಿಗೆ ನೀವು...

ಈಗಲೂ ನಾನು ಕೂತ ಬಸ್ಸು ಆರ್.ಟಿ. ನಗರದ ಕಡೆ ತಿರುಗಿದರೆ ಇಳಿದುಬಿಡೋಣ ಅನ್ನಿಸುತ್ತದೆ. ಇಳಿದು ಯಾರ ಮನೆಗೆ ಹೋಗಲಿ?

ಒಂದು ಸುದ್ದಿ ಹೇಳಬೇಕು. ಹೋಮ್‌ಗಳಲ್ಲಿರುವ ಮಕ್ಕಳನ್ನು ಅವರವರ ಮನೆಗೆ ಸೇರಿಸುವುದೇ ಈಗ ನನ್ನ ಕೆಲಸ. ನಮ್ಮ ಆ ಹೋಮ್ ಈ ವರ್ಷ ಮುಚ್ಚಿತು. ಕೊನೆಗೆ ಉಳಿದಿದ್ದ ಹುಡುಗಿಯನ್ನು ಹೋದ ವಾರ ನಾನೇ ಹೆಬ್ಬಾಳಕ್ಕೆ, ಅವಳ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋದೆ. ಅವಳ ಖರ್ಚಿಗೆಂದು ಸರ್ಕಾರ ಕೊಡುವ ಹಣ ಇನ್ನು ಆ ಮನೆಗೇ ಬರುತ್ತದೆ.

ಬಾಗಿಲಲ್ಲಿ ಚಪ್ಪಲಿ ಬಿಡದೆ ನಿಂತು, “ಎಷ್ಟ್ ದಿನ ಇರ್ಬೇಕು ಇಲ್ಲಿ?” ಎಂದಳು.

ಚಿಕ್ಕಮ್ಮ ಅವಳ ಚೀಲ ಇಸಿದುಕೊಂಡು, “ಇದ್‌ಬಿಡು ಕಣೇ. ಇದು ನಿನ್ ಮನೆ” ಅಂದರು.

ಹುಡುಗಿ ಚಪ್ಪಲಿ ಬಿಟ್ಟಳು. ನೀವು ನೋಡಬೇಕಿತ್ತು, ಖಾಲಾ.

ನಿಮ್ಮ
ಸುಮ