ಮೊದಲ ಸುತ್ತಿನ ಸಮಯ

ಫೆಬ್ರವರಿ ೨೩, ಭಾನುವಾರ

ಪ್ರೀತಿಯ ಗುಬ್ಬಿ,

ನಿನ್ನ ಎರಡು ಕಾಗದಗಳೂ ತಲುಪಿದವು. ಉತ್ತರಕ್ಕೆ ಮೂರು ವಾರ ಹಿಡಿಯಿತು, ಬೇಜಾರು ಮಾಡಿಕೊಳ್ಳಬೇಡ. ಮಂಡಿ ನೋವೆಂದು ನೆಪ ಹೇಳಬಹುದಿತ್ತು, ಆದರೆ ಕಾಗದ ಬರೆಯುವುದು ಮಂಡಿಯಿಂದಲ್ಲವಲ್ಲ. ಕಾಲನ್ನು ಸ್ಟೂಲಿನ ಮೇಲಿಟ್ಟು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ.

ಕೆಂಪಿ ಚೆನ್ನಾಗಿದ್ದಾಳೆ, ಹಾಕಿದ ಹುಲ್ಲನ್ನೆಲ್ಲ ತಿನ್ನುತ್ತಾಳೆ. ಮೊನ್ನೆ ಲಾಳ ಕಟ್ಟುವವನು ಬಂದಿದ್ದ. "ನಿಮ್ಮ ತಂಗಿ ಬರಲಿಲ್ವಾ? ಅವರು ಕುದುರೆ ಮೇಲೆ ಕೂತ್ರೆ ನೋಡೋಕೇ ಚೆಂದ" ಎಂದ. ಒಂಬತ್ತು ವರ್ಷದಿಂದ ಬರುತ್ತಿರುವವನು ನನಗೆ ಆ ಮಾತನ್ನು ಒಂದು ದಿನವೂ ಹೇಳಿದ್ದಿಲ್ಲ. ಟೀ ಕೊಡದೆ ಕಳಿಸಿಬಿಟ್ಟೆ.

ಅರವತ್ತು ಕಿಲೋಮೀಟರಿನ ಸವಾರಿ ಸ್ಪರ್ಧೆಗೆ ಹೆಸರು ಕೊಟ್ಟಿದ್ದೀಯ, ಸಮಯ ಹೇಗೆ ಹಂಚಿಕೊಳ್ಳಲಿ ಎಂದು ಕೇಳಿದ್ದೀಯ. ಜೊತೆಗೆ, "ನಲವತ್ತರ ಸವಾರಿಗೆ ನೀನು ಹೇಳಿಕೊಟ್ಟಿದ್ದನ್ನ ನಾನೇ ಕೆಡಿಸಿದೆ" ಎಂದೂ ಬರೆದಿದ್ದೀಯ. ಆ ಸಾಲನ್ನು ಓದಿ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ನೀನೇನೂ ಕೆಡಿಸಲಿಲ್ಲ ಗುಬ್ಬಿ. ಕಳೆದ ವರ್ಷ ಮಂಡಿಯ ಆಪರೇಷನ್ ಆದಮೇಲೆ ಡಾಕ್ಟರು ಇನ್ನು ಜೀನಿನ ಮೇಲೆ ಕೂರಕೂಡದು ಎಂದಾಗ, ಕೆಂಪಿಯನ್ನು ನೀನೇ ಓಡಿಸು ಎಂದವಳು ನಾನು. ಬಾಯಲ್ಲಿ ಹೇಳಿದೆ, ಅಷ್ಟೇ. ನನ್ನ ಸವಾರಿ ಪ್ಯಾಂಟು ನಿನಗೇ ಹೊಲಿಸಿದ ಹಾಗೆ ಕೂತಿತು. ಮರಿಯಿದ್ದಾಗಿನಿಂದ ನಾನು ಸಾಕಿದ ಕುದುರೆ, ಶನಿವಾರ ಬಂತೆಂದರೆ ನಿನ್ನ ಸ್ಕೂಟರಿನ ಸದ್ದಿಗೆ ಕಿವಿ ನಿಮಿರಿಸತೊಡಗಿತು. ಬಕೆಟ್ ಹಿಡಿದು ಪಕ್ಕದಲ್ಲಿ ನಗುತ್ತಾ ನಿಂತಿರುತ್ತಿದ್ದೆ. ಒಳಗೆ ಹೊಟ್ಟೆ ಉರಿದುಹೋಗುತ್ತಿತ್ತು.

ಸವಾರಿಯ ಹಿಂದಿನ ದಿನ ನೀನು, "ಮೊದಲ ಸುತ್ತು ಇಪ್ಪತ್ತು ಕಿಲೋಮೀಟರು ಎಷ್ಟು ಹೊತ್ತಲ್ಲಿ ಮುಗಿಸ್ಲಿ ಅಕ್ಕಾ?" ಎಂದು ಕೇಳಿದೆ. "ಬೆಳಿಗ್ಗೆ ತಂಪಿರುತ್ತೆ, ಒಂದೂಕಾಲು ಗಂಟೇಲಿ ಬಂದ್ಬಿಡು, ಉಳಿಸಿದ ಸಮಯ ಎರಡನೇ ಸುತ್ತಿಗಾಗುತ್ತೆ" ಎಂದೆ. ತಪ್ಪೆಂದು ಗೊತ್ತಿದ್ದೇ ಹೇಳಿದೆ. ಹೊಸಬರಿಗೆ ಅಷ್ಟು ದೂರಕ್ಕೆ ಎರಡು ಗಂಟೆ ಬೇಕು. ಸುತ್ತು ಮುಗಿಸಿ ಬಂದ ಇಪ್ಪತ್ತು ನಿಮಿಷದೊಳಗೆ ಕುದುರೆಯ ನಾಡಿ ಅರವತ್ತನಾಲ್ಕಕ್ಕೆ ಇಳಿಯದಿದ್ದರೆ ಪಶುವೈದ್ಯರು ಮುಂದೆ ಬಿಡುವುದಿಲ್ಲ. ನಿನ್ನನ್ನು ಅಲ್ಲಿಗೇ ನಿಲ್ಲಿಸಲಿ, ನಿನ್ನ ಮುಖವೂ ಒಂದು ಸಲ ಸಪ್ಪಗಾಗಲಿ ಎಂದು ನನ್ನ ಆಸೆ.

ಸಮಯ ಬರೆದುಕೊಳ್ಳುವ ಮೇಜಿನಲ್ಲಿ ಕೂತಿದ್ದವಳೂ ನಾನೇ. ನೀನು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಬಂದೆ. ಕೆಂಪಿಯ ಎದೆಯೆಲ್ಲ ನೊರೆ, ಪಕ್ಕೆಗಳು ತಿದಿ ಒತ್ತಿದ ಹಾಗೆ ಏಳುತ್ತಿದ್ದವು. ವೈದ್ಯರು ಎಂಬತ್ತು ಎಂದರು. ಹತ್ತು ನಿಮಿಷ ಬಿಟ್ಟು ನೋಡಿ ಎಪ್ಪತ್ತೆರಡು ಎಂದರು. ನೀನು ಜೀನು ಬಿಚ್ಚಿ, ಕುತ್ತಿಗೆಗೆ ನೀರು ಸುರಿಯುತ್ತಾ, "ಸಮಾಧಾನ ಮಾಡ್ಕೋ ನನ್ನ ತಾಯಿ" ಎನ್ನುತ್ತಿದ್ದೆ. ನಾನು ಪೆನ್ನು ಕೆಳಗಿಟ್ಟೆ. ಬೇಗ ಇಳಿಯಲಿ ಎಂದು ಬೇಡಿಕೊಂಡೆ, ಆಗಲೂ ನಿನಗಾಗಿ ಅಲ್ಲ, ಅವಳಿಗಾಗಿ. ಹತ್ತೊಂಬತ್ತನೇ ನಿಮಿಷಕ್ಕೆ ಅರವತ್ತನಾಲ್ಕಾಯಿತು.

ಎರಡನೇ ಸುತ್ತಿನಲ್ಲಿ ನೀನು ನನ್ನ ಮಾತು ಬಿಟ್ಟು ಕುದುರೆಯ ಉಸಿರು ಕೇಳಿದೆ. ಏರಿನಲ್ಲಿ ನಡೆಸಿದೆಯಂತೆ, ಸಮತಟ್ಟಿನಲ್ಲಷ್ಟೇ ಹದವಾಗಿ ಓಡಿಸಿದೆಯಂತೆ. ಕೊನೆಯ ಕಿಲೋಮೀಟರು ಇಳಿದು, ಲಗಾಮು ಹಿಡಿದು ಜೊತೆಯಲ್ಲೇ ನಡೆದು ಬಂದದ್ದನ್ನು ಕಣ್ಣಾರೆ ಕಂಡೆ. ಎಲ್ಲರಿಗಿಂತ ಕೊನೆಯವಳು, ಆದರೂ ಗಡುವಿನೊಳಗೆ. ನಾಡಿ ಐದೇ ನಿಮಿಷಕ್ಕೆ ಇಳಿಯಿತು. ನನ್ನನ್ನು ತಬ್ಬಿಕೊಂಡು, "ನೀನು ಹೇಳಿದ್ದು ಸರಿಯಾಗೇ ಇತ್ತು ಅಕ್ಕಾ, ನಂಗೇ ಓಡಿಸೋಕೆ ಬರಲಿಲ್ಲ" ಎಂದೆ. ನಾನು ಹೂಂ ಎಂದೆ. ಆ ಹೂಂ ಸುಳ್ಳಾಗಿತ್ತು.

ಈಗ ಸರಿಯಾದದ್ದು ಹೇಳುತ್ತೇನೆ, ನಂಬುವುದು ಬಿಡುವುದು ನಿನಗೆ ಸೇರಿದ್ದು. ಗಂಟೆಗೆ ಹತ್ತು ಕಿಲೋಮೀಟರು, ಮೊದಲಿನಿಂದ ಕೊನೆಯವರೆಗೆ ಒಂದೇ ಹದ. ಹೊರಡುವಾಗ ಉಳಿದವರು ಧೂಳೆಬ್ಬಿಸಿಕೊಂಡು ಹೋದರೆ ಹೋಗಲಿ, ನೀನು ಗಡಿಯಾರ ನೋಡು. ನೀರು ಕಂಡಲ್ಲಿ ಅವಳು ಕುಡಿದು ತಾನಾಗಿ ತಲೆಯೆತ್ತುವವರೆಗೆ ಕಾಯಬೇಕು. ಆ ಎರಡು ನಿಮಿಷ ಹಾಳಾಯಿತು ಎಂದುಕೊಳ್ಳಬೇಡ.

ಜೀನಿಗೆ ಎಣ್ಣೆ ಹಚ್ಚಿ ಒರೆಸಿಟ್ಟಿದ್ದೇನೆ. ಕೋಪ ಬಂದಿದ್ದರೆ ಎದುರಿಗೇ ಬಂದು ಬೈದುಬಿಡು, ಆಮೇಲೆ ತೆಗೆದುಕೊಂಡು ಹೋಗು. ನೀನೂ ಕೆಂಪಿಯೂ ಸುಖವಾಗಿ ಹೋಗಿ ಸುಖವಾಗಿ ಬನ್ನಿ. ಈ ಸಲ ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ.

ನಿನ್ನ
ಅಕ್ಕ

ತಾ.ಕ.: ಅವತ್ತು ಅಪ್ಪ ಎರಡು ಬಸ್ಸು ಬದಲಾಯಿಸಿ ನಿನ್ನನ್ನು ನೋಡಲು ಬಂದಿದ್ದರಲ್ಲ, ಬೆಳಗಿನಿಂದ ನನ್ನ ಮೇಜಿನ ಪಕ್ಕದಲ್ಲೇ ನಿಂತಿದ್ದರು. "ಈಗೆಲ್ಲಿದ್ದಾಳೆ? ಎಷ್ಟೊತ್ತಿಗೆ ಬರ್ತಾಳೆ?" ಎಂದು ಐದೈದು ನಿಮಿಷಕ್ಕೂ ಕೇಳುತ್ತಿದ್ದರು. ನಾನು ಇಷ್ಟು ವರ್ಷ ಓಡಿಸಿದೆ, ನನ್ನ ಒಂದು ಸವಾರಿಗೂ ಅವರು ಬಂದವರಲ್ಲ. ಯಾಕೆ ಬರಲಿಲ್ಲ ಎಂದು ಕೇಳಿಯೇಬಿಟ್ಟೆ. "ನೀನು ಹೇಗಿದ್ರೂ ಮುಗಿಸ್ತೀಯ ಅಂತ ಗೊತ್ತಿತ್ತಲ್ಲಮ್ಮ" ಎಂದು ಹೇಳಿ, ಮತ್ತೆ ನೀನು ಬರುವ ದಾರಿಯ ಕಡೆ ತಿರುಗಿದರು.