ಬೇವಿನ ಗಿಡದ ಎದಿಯಳತಿ

ಹತ್ತಿಕುಣಿ, ಮಂಗಳವಾರ ರಾತ್ರಿ

...ಅದಕ್ಕ ಇವತ್ತು ಉಣ್ಣಾಕೂ ಮನಸ್ಸು ಬರ್ಲಿಲ್ಲ ಅವ್ವಾ. ತಪ್ಪು ನಂದ ಅದ. ಆದ್ರ ನಮ್ಮ ಕೆಲಸ ನೋಡ್ಕೊಳ್ಳೋ ಸಾವಿತ್ರಿಬಾಯಿ ಮೇಡಂ ಎಲ್ಲಾರ ಮುಂದ, "ಅರುಣ, ಅಡವಿಗಿ ಹೋಗಿದ್ದ್ಯೋ, ಚಾ ಅಂಗಡ್ಯಾಗ ಕುಂತು ಬರದ್ಯೋ?" ಅಂದ್ರು. ತಡಿ, ಮೊದ್ಲು ನಿನ್ನ ಆರಾಮ ಕೇಳ್ಬೇಕಿತ್ತು. ಮೊಣಕಾಲ ನೋವು ಹೆಂಗದ? ಗೋವಾದ ಮೀನ ವಾಸನಿ ರೂಢಿ ಆತೋ ಇಲ್ಲೋ? ಅಕ್ಕಗ ಏಳು ತಿಂಗಳಾಗ ಬಿತ್ತಲ್ಲ, ಕಾಲು ಬಾವು ಬಂದದ ಅಂದಿದ್ದಿ, ಇಳೀತೇನು?

ನನ್ನ ಜೋಡಿ ಕೆಲಸ ಮಾಡೋ ಮೌನಿಕಾ ಅಕ್ಕ ನಗ್ತಾಳ, ಗಿಡಕ್ಕ ಅಂಗಿ ಹೊಲಿಯಾಕ ಅಳತಿ ತಗೋತಿಯೇನೋ ಅಂತ. ಹೈದರಾಬಾದ್ ಕಂಪನಿ ನನ್ನ ಇಲ್ಲಿಗಿ ಕಳಿಸಿದ್ದು ಖರೇನ ಅದಕ್ಕ. ಉಪಗ್ರಹ ಮ್ಯಾಲಿಂದ ಇಡೀ ಅಡವಿ ಫೋಟೋ ತೆಗಿತದ, ಆದ್ರ ಕಟಗಿ ಎಷ್ಟು ತೂಕ, ಅದರಾಗ ಇಂಗಾಲ ಎಷ್ಟು ಕೂಡ್ಯದ, ತಾನ ಹೇಳಾಕ ಬರಲ್ಲ. ನಾವು ಅಲ್ಲೊಂದು ಇಲ್ಲೊಂದು ತುಂಡು ಜಾಗಕ್ಕ ಹಗ್ಗ ಹಾಕಿ, ಒಂದೊಂದು ಗಿಡಾನೂ ಎದಿಮಟ್ಟಕ್ಕ ಟೇಪ್ ಸುತ್ತಿ ಬರಕೊಡ್ತೀವಿ. ಅದನ್ನ ಫೋಟೋಕ್ಕ ಹೊಂದಿಸಿ ಗುಡ್ಡದ ಲೆಕ್ಕ ಕಟ್ತಾರ. ಒಂದು ತುಂಡು ತಪ್ಪಿದ್ರ ಗುಡ್ಡನ ತಪ್ತದ.

ನನ್ನ ಒಂಬತ್ತನೇ ತುಂಡಿನಾಗ ಭಾರೀ ಗಿಡ ಅದ ಅಂತದ ಫೋಟೋ, ನನ್ನ ಹಾಳ್ಯಾಗ ಬರೀ ಕಂಟಿ. ಯಾಕಂದ್ರ ಅಲ್ಲಿರೋದು ನಿನ್ನ ತವರಿನ ದುರಗಮ್ಮನ ಬೇವಿನ ಗಿಡ. ಟೊಂಗಿ ತುಂಬ ಹರಕಿ ತೊಟ್ಟಿಲು. ಬೊಡ್ಡಿಗಿ, ಟೇಪ್ ಹಾಯೋ ಜಾಗದಾಗನ, ಅಕ್ಕನ ಸಲುವಾಗಿ ನೀ ಕಟ್ಟಿದ ಹಸರು ಕುಬಸದ ತೊಟ್ಟಿಲು. ಅದರ ಮ್ಯಾಲ ಸುತ್ತಿದ್ರ ಗಿಡ ಸುಳ್ಳ ದಪ್ಪ ಆಗ್ತದ. ಕಟ್ಟಿದವರ ಬಿಚ್ಚಬೇಕು, ಅದೂ ಕೂಸು ಹುಟ್ಟಿದ ಮ್ಯಾಲ ಅಂತ ನೀನ ಹೇಳಿದ್ದಿ. ನಾ ಕೈಮುಗದು ಆ ಗಿಡಾನ ಬರೀಲಿಲ್ಲ.

ಖರೆ ಹೇಳಿದ ಮ್ಯಾಲ ಮೇಡಂ ಬೈಲಿಲ್ಲ. "ದೇವ್ರ ಗಿಡಾನೂ ಗಾಳಿ ಕುಡಿತದಪ್ಪ, ಅದನ್ನ ಯಾರ ಲೆಕ್ಕಕ್ಕ ಹಾಕಲಿ?" ಅಂದ್ರು. ಸಂಜಿಯೊಳಗ ಅಳದು ಬಾ, ಇಲ್ಲಂದ್ರ ಬ್ಯಾರೆಯವ್ರನ್ನ ಇಟಗೋತೀನಿ ಅಂದ್ರು. ಹೋದೆ. ಮೂರು ಮೀಟರಿಗಿ ಎರಡು ಬೊಟ್ಟು ಕಮ್ಮಿ. ಹಾಳಿ, ಫೋಟೋ ಎರಡೂ ಕೂಡಿದ್ವು. ಕೆಲಸ ಉಳೀತು. ಆದ್ರೂ ಕುಂತಲ್ಲಿ ಕುಂದ್ರಾಕ ಆಗವಲ್ದು.

ಅಕ್ಕಗ ಭಾರ ಎತ್ತಬ್ಯಾಡ ಅನ್ನು. ಮಾವಗ ನಮಸ್ಕಾರ ಹೇಳು.

ನಿನ್ನ ಮಗ,
ಅರುಣಕುಮಾರ

ಅವ್ವಾ, ಇದನ್ನ ಬ್ಯಾರೆ ವಾಯ್ಸ್ ಮೆಸೇಜ್ ಮಾಡಿ ಫೋನಿಗಿ ಕಳಸಾಕತ್ತೇನಿ, ಅಕ್ಕನ ಮುಂದ ಹಚ್ಚಬ್ಯಾಡ. ತೊಟ್ಟಿಲು ನಾನ ಬಿಚ್ಚಿದೆ. ತಿರುಗಿ ಕಟ್ಟಾಕ ಹೋದ್ರ ನಿನ್ನಂಗ ಗಂಟು ಕೂಡ್ಲಿಲ್ಲ, ಅಂಗಿ ಕಿಸೇದಾಗ ಅದ. ನೀ ಎಷ್ಟು ಗಂಟು ಹಾಕಿದ್ದಿ, ಏನಂತ ಬೇಡಿಕೊಂಡಿದ್ದಿ, ಹೇಳು. ಮುಂಜಾನಿ ಏಳಕ್ಕ ನಮ್ಮ ಜೀಪ್ ವಡಗೇರಾಕ್ಕ ಹೊಂಟದ. ನಾ ಗಿಡದ ಬುಡಕ್ಕ ನಿಂತಿರ್ತೀನಿ. ಆರಕ್ಕ ಫೋನ್ ಮಾಡು.